38,400 ಕಿಲೋಮೀಟರ್ ಓಡಿದ್ದ ಮಜ್ದಾ ಎಂಎಕ್ಸ್-5: ಮೂರು ವರ್ಷ ಇಟ್ಟುಕೊಂಡು ನೋಡಿದ ಮೇಲೆ

ಮೂರು ವರ್ಷಗಳ ಹಿಂದೆ ನಾನು ಕೊಂಡ 2003ರ ಮಜ್ದಾ ಎಂಎಕ್ಸ್-5 ಕಾರಿನ ಓಡೋಮೀಟರ್ ಅಂದು 38,400 ಕಿಲೋಮೀಟರ್ ತೋರಿಸುತ್ತಿತ್ತು. ಹತ್ತೊಂಬತ್ತು ವರ್ಷ ಹಳೆಯ ಕಾರು ವರ್ಷಕ್ಕೆ ಸರಾಸರಿ ಎರಡು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎಂಬುದನ್ನು ಮಾರುವವರು ಮತ್ತೆ ಮತ್ತೆ ಒತ್ತಿ ಹೇಳಿದರು. ನಾನೂ ಆ ಅಂಕಿಯನ್ನು ನೋಡಿಯೇ ಅಲ್ಲಿಗೆ ಹೋಗಿದ್ದೆ. ಈಗ ಮೀಟರು 57,000 ದಾಟಿದೆ. ಆ ಅಂಕಿಗೆ ಹೆಚ್ಚಿನ ಬೆಲೆ ಕೊಟ್ಟದ್ದು ಸರಿಯೇ ಆಯಿತು, ಆದರೆ ಅಂದು ನಾನು ನಂಬಿದ್ದ ಕಾರಣಕ್ಕಲ್ಲ. ಕಡಿಮೆ ಓಡಿರುವುದರಿಂದ ಎಂಜಿನ್ನೂ ಅದರ ಸುತ್ತಲಿನ ಸಾಮಾನುಗಳೂ ಹೊಸದರಂತೆ ಇರುತ್ತವೆ ಎಂದು ನಂಬಿದ್ದೆ. ಹೊಸದರಂತೆ ಉಳಿದಿದ್ದುದು ಕಾರಿನ ಒಡಲಿನ ಕಬ್ಬಿಣ. ರಬ್ಬರು, ಬೆಲ್ಟು, ಟೈರು, ಬ್ರೇಕ್ ಆಯಿಲ್ ಇವೆಲ್ಲ ನಿಂತಲ್ಲೇ ವರ್ಷಗಟ್ಟಲೆ ಸವೆಸಿದ್ದವು. ಮಡಿಸುವ ಟಾಪ್ ಇರುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಯೋಚಿಸುತ್ತಿರುವವರಿಗೆ ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಕಾರನ್ನು ನೋಡುವ ರೀತಿಯೇ ಬದಲಾಗುತ್ತದೆ ಎಂಬ ಕಾರಣಕ್ಕೆ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಾರಿನ ಪರಿಚಯವನ್ನು ಚಿಕ್ಕದಾಗಿ ಹೇಳುತ್ತೇನೆ. ಎಂಎಕ್ಸ್-5 ಮೊದಲು ಕಾಣಿಸಿಕೊಂಡದ್ದು 1989ರ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ. ಎರಡೇ ಸೀಟು, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ತೂಕ ಕಡಿಮೆ, ಬಿಸಿಲಿದ್ದರೆ ಟಾಪ್ ಹಿಂದಕ್ಕೆ: 1960ರ ದಶಕದ ಬ್ರಿಟಿಷ್ ರೋಡ್‌ಸ್ಟರ್‌ಗಳ ಈ ಸೂತ್ರವನ್ನು ಜಪಾನಿನ ಕಂಪನಿ ಮತ್ತೆ ಕೈಗೆತ್ತಿಕೊಂಡು, ಆ ಕಾರುಗಳಿಗಿಲ್ಲದ ನೆಚ್ಚಿಕೆಯನ್ನು ಅದಕ್ಕೆ ಸೇರಿಸಿತು. ಮೊದಲ ತಲೆಮಾರಿನಲ್ಲಿ ಮೇಲೆದ್ದು ನಿಲ್ಲುವ ಹೆಡ್‌ಲೈಟ್‌ಗಳಿದ್ದವು. 1998ರಿಂದ 2005ರವರೆಗೆ ತಯಾರಾದ ಎರಡನೆಯ ತಲೆಮಾರಿನಲ್ಲಿ ಅವು ಹೋಗಿ ಸ್ಥಿರವಾದ ದೀಪಗಳು ಬಂದವು, ಟಾಪಿನ ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಾಗದಲ್ಲಿ ಬಿಸಿಯಾಗುವ ತಂತಿಗಳಿರುವ ಗಾಜು ಬಂತು. 2005ರಲ್ಲಿ ಮೂರನೆಯದು, 2015ರಲ್ಲಿ ನಾಲ್ಕನೆಯದು ಬಂದವು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ತಯಾರಾಯಿತು. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬೇರೆ ಇಲ್ಲದ ಕಾರಣ, ಬಿಡಿಭಾಗಗಳಿಗೂ ಅನುಭವಿಗಳ ಸಲಹೆಗೂ ಕೊರತೆಯಾಗುವುದಿಲ್ಲ. ಹಳೆಯ ಕಾರು ಸಾಕುವವರಿಗೆ ಇದು ಎಂಜಿನ್ನಿನ ಶಕ್ತಿಗಿಂತ ದೊಡ್ಡ ವಿಷಯ. ನನ್ನದು ಎರಡನೆಯ ತಲೆಮಾರಿನ 1.8 ಲೀಟರ್ ಎಂಜಿನ್ನಿನ ಕಾರು.

ನಾನು ಒಟ್ಟು ಐದು ಕಾರುಗಳನ್ನು ನೋಡಿದೆ. ಅವುಗಳಲ್ಲಿ ಮೂರು ಒಂದು ಲಕ್ಷ ಕಿಲೋಮೀಟರ್ ದಾಟಿದವು. ಎಂಜಿನ್ನಿನ ವಿಷಯದಲ್ಲಿ ಆ ಮೂರರ ಮೇಲೂ ದೂರು ಹೇಳುವಂತಿರಲಿಲ್ಲ, ಏಕೆಂದರೆ ಆಯಿಲ್ ಬದಲಿಸುತ್ತ ಬಂದರೆ ಈ ಎಂಜಿನ್ ಒಂದು ಲಕ್ಷಕ್ಕೆ ದಣಿಯುವಂಥದ್ದಲ್ಲ. ಆದರೆ ಮೂರರಲ್ಲಿಯೂ ಹಿಂದಿನ ಚಕ್ರದ ಮುಂಭಾಗದಲ್ಲಿ, ಬಾಗಿಲಿನ ಕೆಳಗಿನ ಪಟ್ಟಿ ಕೊನೆಯಾಗುವ ಜಾಗದಲ್ಲಿ, ಬಣ್ಣದಡಿ ಗುಳ್ಳೆ ಎದ್ದಿತ್ತು. ಒಂದರಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ತಗಡು ಒಳಗೆ ಬಾಗಿತು. ಎಂಎಕ್ಸ್-5 ಕಾರಿನಲ್ಲಿ ತುಕ್ಕು ಮೊದಲು ಕಾಣಿಸುವುದು ಅಲ್ಲಿಯೇ. ಎರಡನೆಯ ತಲೆಮಾರಿನಲ್ಲಿ ಅದಕ್ಕಿಂತ ಅಪಾಯದ ಇನ್ನೊಂದು ಜಾಗವಿದೆ. ಎಂಜಿನ್ನಿನ ಎರಡೂ ಬದಿಗೆ ಉದ್ದಕ್ಕೆ ಹಾಯುವ ಮುಂದಿನ ಚಾಸಿಯ (ಕಾರಿನ ಅಡಿಯ ಚೌಕಟ್ಟಿನ) ತೊಲೆಗಳು ಎರಡು ಪದರ ತಗಡಿನಿಂದ ಮಾಡಿದವು, ಆ ಪದರಗಳ ನಡುವೆ ತೇವ ಸೇರಿದರೆ ಒಳಗಿನಿಂದಲೇ ಕೊರೆಯುತ್ತ ಬರುತ್ತದೆ. ಮೇಲಿನಿಂದ ನೋಡಿದವರಿಗೆ ಇದು ಕಾಣುವುದಿಲ್ಲ. ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಟಾರ್ಚ್ ಹಿಡಿದು, ತೊಲೆಯ ಉದ್ದಕ್ಕೂ ಬೆರಳಾಡಿಸಿ ನೋಡಬೇಕು. ಲಿಫ್ಟಿಗೆ ಏರಿಸಲು ಒಪ್ಪದ ಮಾರಾಟಗಾರನ ಜೊತೆ ನಾನು ಮಾತು ಮುಂದುವರಿಸಲಿಲ್ಲ. ಹಾಗೆ ನಾಲ್ಕನೆಯ ಕಾರು ಕೈಬಿಟ್ಟಿತು.

ಐದನೆಯದು ಈಗ ನನ್ನ ಬಳಿ ಇರುವ ಕಾರು. ಅದರ ತೊಲೆಗಳ ಮೇಲೆ ಕಾರ್ಖಾನೆಯ ಮೂಲ ಲೇಪ ಇನ್ನೂ ಅಂಟಿಕೊಂಡಿತ್ತು. ಮಳೆ ಬಿದ್ದ ರಸ್ತೆಯನ್ನೂ ಹಿಮ ಕರಗಿಸಲು ಉಪ್ಪು ಎರಚಿದ ರಸ್ತೆಯನ್ನೂ ಅದು ಹೆಚ್ಚಾಗಿ ಕಂಡಿರಲಿಲ್ಲ, ಒಣ ಗ್ಯಾರೇಜಿನಲ್ಲಿಯೇ ಇತ್ತು. ಕಡಿಮೆ ಕಿಲೋಮೀಟರಿಗೆ ಕೊಡುವ ಹೆಚ್ಚುವರಿ ದುಡ್ಡು ನಿಜವಾಗಿ ಸಲ್ಲಬೇಕಾದದ್ದು ಈ ಒಣಗಿದ ಕಬ್ಬಿಣಕ್ಕೆ. ರೇಡಿಯೇಟರ್ ಕೊಳ್ಳಬಹುದು, ಕ್ಲಚ್ ಕೊಳ್ಳಬಹುದು, ಬೇಕಾದರೆ ಎಂಜಿನ್ನನ್ನೇ ಕೊಳ್ಳಬಹುದು. ತುಕ್ಕು ತಿಂದ ತೊಲೆಯನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸ ಮಾತ್ರ ಇಂಥ ಕಾರಿನ ಬೆಲೆಯನ್ನೇ ಮೀರಿ ಹೋಗಬಲ್ಲದು. ಹಾಗೆಂದು ಕಡಿಮೆ ಓಡಿದ ಕಾರೆಲ್ಲ ಒಣಗಿದ ಕಾರು ಎಂದುಕೊಳ್ಳಬಾರದು. ಬಯಲಿನಲ್ಲಿ ಕವರ್ ಹೊದಿಸಿ ಹತ್ತು ವರ್ಷ ನಿಲ್ಲಿಸಿದ ಕಾರಿಗಿಂತ, ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡಿ ರಾತ್ರಿ ಸೂರಿನಡಿ ನಿಂತ ಕಾರನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ.

ಬಾಗಿಲಿನ ಕೆಳಗಿನ ಪಟ್ಟಿಗೆ ತುಕ್ಕು ಹಿಡಿಯುವುದಕ್ಕೆ ಮುಖ್ಯ ಕಾರಣವೊಂದಿದೆ, ಅದನ್ನು ಬಿಡಿಸಿ ಹೇಳಬೇಕು. ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆನೀರು ಇಳಿದು ಹಿಂದಿನ ಅಂಚಿನಲ್ಲಿರುವ ರಬ್ಬರ್ ದೋಣಿಗೆ ಬರುತ್ತದೆ. ಅಲ್ಲಿಂದ ಎರಡೂ ಬದಿಯಲ್ಲಿ, ಸೀಟ್ ಬೆಲ್ಟಿನ ಗೂಡುಗಳ ಹಿಂದೆ ಇರುವ ರಂಧ್ರಗಳ ಮೂಲಕ ಕೊಳವೆಗಿಳಿದು, ಹಿಂದಿನ ಚಕ್ರದ ಮುಂದೆ ಕಾರಿನ ಅಡಿಯಲ್ಲಿ ಹೊರಬೀಳುತ್ತದೆ. ಎಲೆಚೂರು, ಧೂಳು, ಮರದಡಿ ನಿಲ್ಲಿಸಿದಾಗ ಉದುರಿದ ಹೂವಿನ ಪುಡಿ ಸೇರಿ ಆ ರಂಧ್ರ ಕಟ್ಟಿಕೊಂಡರೆ ನೀರಿಗೆ ದಾರಿ ಸಿಗುವುದಿಲ್ಲ, ಒಳಗೇ ತುಂಬಿ ಕಾರ್ಪೆಟ್ಟಿನಡಿಗೂ ಪಟ್ಟಿಯ ಟೊಳ್ಳಿಗೂ ಹರಿಯುತ್ತದೆ. ಕೊಳ್ಳುವ ದಿನ ನಾನು ಅರ್ಧ ಬಾಟಲಿ ನೀರನ್ನು ನಿಧಾನವಾಗಿ ಒಂದೊಂದೇ ಬದಿಗೆ ಸುರಿದು ಕೆಳಗೆ ಬಗ್ಗಿ ನೋಡಿದೆ. ಒಂದು ಬದಿಯಲ್ಲಿ ನೀರು ತಕ್ಷಣ ನೆಲಕ್ಕೆ ಬಿತ್ತು. ಇನ್ನೊಂದು ಬದಿಯಲ್ಲಿ ನಾಲ್ಕೈದು ಹನಿ ತೊಟ್ಟಿಕ್ಕಿ ನಿಂತಿತು. ದಪ್ಪ ಪ್ಲಾಸ್ಟಿಕ್ ದಾರವನ್ನು ಮೇಲಿನಿಂದ ಮೆಲ್ಲನೆ ತೂರಿಸಿ ತಿರುಗಿಸಿದಾಗ, ನೆನೆದ ಚಹಾಪುಡಿಯಂಥ ಕಪ್ಪು ಮುದ್ದೆ ಕೆಳಗೆ ಜಾರಿ ಬಿತ್ತು, ಅದರ ಹಿಂದೆಯೇ ನೀರೂ ಬಂತು. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಅಡಿಯ ಸ್ಪಂಜು ಮುಟ್ಟಿ ನೋಡಿದೆ, ಅದೃಷ್ಟಕ್ಕೆ ಒಣಗಿತ್ತು. ಈ ಕೆಲಸಕ್ಕೆ ಕಬ್ಬಿಣದ ತಂತಿ ಬಳಸಬೇಡಿ. ಕೊಳವೆಯ ರಬ್ಬರು ಹರಿದರೆ ನೀರು ನೇರವಾಗಿ ನೀವು ಕಾಪಾಡಲು ಹೊರಟ ಜಾಗಕ್ಕೇ ಹೋಗುತ್ತದೆ. ಈಗ ವರ್ಷಕ್ಕೆ ಎರಡು ಸಲ ತಪ್ಪದೆ ಇದನ್ನು ಮಾಡುತ್ತೇನೆ, ಹತ್ತು ನಿಮಿಷವೂ ಹಿಡಿಯುವುದಿಲ್ಲ.

ಓಡೋಮೀಟರಿನ ಅಂಕಿ ನಿಜವೇ ಎಂಬ ಪ್ರಶ್ನೆಗೆ ಕಾಗದವೇ ಮುಖ್ಯ ಸಾಕ್ಷಿ. ಸರ್ವೀಸ್ ಪುಸ್ತಕ, ಬಿಲ್ಲುಗಳು, ವಾರ್ಷಿಕ ತಪಾಸಣೆಯ ಪತ್ರಗಳು, ಇವುಗಳಲ್ಲಿ ದಿನಾಂಕದ ಜೊತೆಗೆ ನಮೂದಾದ ಕಿಲೋಮೀಟರ್ ಒಂದೇ ಗತಿಯಲ್ಲಿ ಏರುತ್ತ ಬಂದಿದೆಯೇ ಎಂದು ಸಾಲಾಗಿ ಬರೆದು ನೋಡಬೇಕು. ಕಾರು ಕೂಡ ತನ್ನ ಸಾಕ್ಷ್ಯ ಹೇಳುತ್ತದೆ. ಕ್ಲಚ್ ಪೆಡಲಿನ ರಬ್ಬರಿನ ಗೆರೆ, ಗೇರ್ ಗುಂಡಿಯ ಚರ್ಮ, ಚಾಲಕನ ಸೀಟಿನಲ್ಲಿ ಇಳಿಯುವಾಗ ತೊಡೆ ಉಜ್ಜುವ ಅಂಚು, ಇವು ನಾಲ್ವತ್ತು ಸಾವಿರಕ್ಕೆ ನುಣುಪಾಗುವುದಿಲ್ಲ. ಆ ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಅಂಶವೆಂದರೆ ಆರು ವರ್ಷಗಳ ಖಾಲಿ. ಆ ಅವಧಿಯಲ್ಲಿ ಕಾರು ಓಡಿದ್ದು ಏಳುನೂರು ಕಿಲೋಮೀಟರ್ ಮಾತ್ರ, ಹಾಗಾಗಿ ಸರ್ವೀಸ್ ಬೇಕಾಗಲಿಲ್ಲ ಎಂದು ಹಿಂದಿನ ಮಾಲೀಕರು ಪ್ರಾಮಾಣಿಕವಾಗಿಯೇ ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ಆದರೆ ಕಾರು ಕೆಡುವುದು ಓಡಿದ ದೂರದಿಂದ ಮಾತ್ರ ಎಂದು ತಿಳಿದಿದ್ದರು. ನಿಂತಿದ್ದ ಆ ಆರು ವರ್ಷಗಳ ಸರ್ವೀಸನ್ನೆಲ್ಲ ಮೊದಲ ಎರಡು ತಿಂಗಳಲ್ಲಿ ನಾನು ಮಾಡಿಸಬೇಕಾಯಿತು.

ಟೈರಿನಿಂದ ಆರಂಭಿಸಿದೆ. ಗೆರೆಗಳು ಹೊಸದರಂತೆ ಆಳವಾಗಿದ್ದವು, ನೋಡಿದವರೆಲ್ಲ ಟೈರು ಚೆನ್ನಾಗಿದೆ ಎಂದರು. ಪಕ್ಕದಲ್ಲಿ ಅಚ್ಚೊತ್ತಿದ ಕೋಡಿನ ಕೊನೆಯ ನಾಲ್ಕು ಅಂಕಿ 1809 ಎಂದಿತ್ತು. ಮೊದಲೆರಡು ಅಂಕಿ ವಾರ, ನಂತರದ ಎರಡು ವರ್ಷ, ಅಂದರೆ 2009ರ ಹದಿನೆಂಟನೆಯ ವಾರ. ಹದಿಮೂರು ವರ್ಷ ಹಳೆಯ ರಬ್ಬರು ಉಗುರು ಊರಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಹತ್ತು ವರ್ಷ ದಾಟಿದ ಟೈರನ್ನು, ಗೆರೆ ಎಷ್ಟೇ ಉಳಿದಿರಲಿ, ಬಿಸಾಡಬೇಕು. ಹೊಸ ಟೈರುಗಳ ಮೇಲೆ ಕಾರಿನ ಸ್ವಭಾವವೇ ಬದಲಾಯಿತು; ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರುವುದು ಈ ಕಾರುಗಳ ಸ್ವಭಾವ ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ, ಜಾರುತ್ತಿದ್ದದ್ದು ಹಳೆಯ ರಬ್ಬರು.

ಎರಡನೆಯದು ಟೈಮಿಂಗ್ ಬೆಲ್ಟ್, ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಹಲ್ಲಿನ ಪಟ್ಟಿ. ಈ ಎಂಜಿನ್ನಿನಲ್ಲಿ ಅದನ್ನು ಬದಲಿಸಲು ಹೇಳುವ ದೂರ ಸುಮಾರು ಒಂದು ಲಕ್ಷ ಕಿಲೋಮೀಟರ್. ನನ್ನ ಕಾರು ಅದರ ಅರ್ಧವನ್ನೂ ಮುಟ್ಟಿರಲಿಲ್ಲ, ಹಾಗಾಗಿ ಯಾರೂ ಬದಲಿಸಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಜಾಗದಲ್ಲಿ ಬಾಗಿ ನಿಂತ ಬೆಲ್ಟನ್ನು ಬಿಚ್ಚಿ ಬೆನ್ನು ಬಗ್ಗಿಸಿ ನೋಡಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ತೆರೆದುಕೊಂಡವು. ಬೆಲ್ಟ್ ತೆಗೆದಾಗ ವಾಟರ್ ಪಂಪನ್ನೂ ಬದಲಿಸಿಬಿಡಿ. ಆಮೇಲೆ ಅದು ಸೋರಿದರೆ ಅಲ್ಲಿಗೆ ತಲುಪಲು ಬೆಲ್ಟನ್ನು ಮತ್ತೆ ಬಿಚ್ಚಲೇಬೇಕು, ಕೂಲಿ ಎರಡು ಸಲ ಬೀಳುತ್ತದೆ. ಮೂರನೆಯ ತಲೆಮಾರಿನಿಂದ ಬೆಲ್ಟಿನ ಜಾಗದಲ್ಲಿ ಚೈನ್ ಬಂದಿದೆ, ಇದೊಂದೇ ಕಾರಣಕ್ಕೆ ಅದನ್ನು ಆರಿಸುವವರ ತರ್ಕವನ್ನು ನಾನು ಒಪ್ಪುತ್ತೇನೆ.

ರೇಡಿಯೇಟರಿನ ವಿಷಯದಲ್ಲಿ ಬಾನೆಟ್ ಎತ್ತಿದ ಕೂಡಲೇ ತೀರ್ಪು ಸಿಗುತ್ತದೆ. ಅದರ ಮೇಲ್ತುದಿಯ ಪ್ಲಾಸ್ಟಿಕ್ ತೊಟ್ಟಿ ಹೊಸದಿದ್ದಾಗ ಕಪ್ಪು. ವರ್ಷಗಟ್ಟಲೆ ಬಿಸಿ ಉಂಡು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಒಳಗೊಳಗೇ ಗರಿಗರಿಯಾಗಿದೆ, ಯಾವ ದಿನ ಬೇಕಾದರೂ ಸೀಳಬಹುದು ಎಂದು ಅರ್ಥ. ನನ್ನದು ಕಂದಾಗಿತ್ತು. ಹೋಸುಗಳ ಸಮೇತ ಬದಲಿಸಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ, ಕಾರು ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ನನ್ನ ಕಾರಿನಿಂದ ಹೊರಬಂದದ್ದು ಕಡು ಕಷಾಯದ ಬಣ್ಣದಲ್ಲಿತ್ತು. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ) ಆಯಿಲ್ ಕಾರು ಮನೆಗೆ ಬಂದ ಕೂಡಲೇ ಒಮ್ಮೆ. ಪೆಡಲು ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ವಲ್ಪ ಹಿಂದೆ ಸರಿಸಿ ಒಳಗೆ ತೇವವಿದೆಯೇ ಎಂದು ನೋಡುವುದನ್ನು ಮರೆಯಬಾರದು. ಹೆಚ್ಚು ದಿನ ನಿಂತ ಕಾರುಗಳಲ್ಲಿ ಅಲ್ಲಿನ ಸೀಲು ಒಣಗಿ ಸೋರುತ್ತದೆ, ಒಂದು ಬೆಳಿಗ್ಗೆ ಪೆಡಲು ನೆಲಕ್ಕೆ ಹೋಗಿ ಅಲ್ಲಿಯೇ ಉಳಿಯುತ್ತದೆ.

ನಿಂತ ಕಾರಿನ ಬ್ರೇಕುಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಹಿಂದಿನ ಚಕ್ರಗಳಲ್ಲಿ ಬ್ರೇಕಿನ ಬಿಲ್ಲೆಯನ್ನು ಹಿಡಿದು ಒತ್ತುವ ಕ್ಯಾಲಿಪರ್‌ಗಳಲ್ಲಿಯೇ ಕೈಬ್ರೇಕಿನ ಯಂತ್ರವೂ ಸೇರಿದೆ, ಅವು ಜಾರಿ ಚಲಿಸಬೇಕಾದ ಪಿನ್ನುಗಳು ಗ್ರೀಸ್ ಒಣಗಿ ಹಿಡಿದುಕೊಳ್ಳುತ್ತವೆ. ನಾನು ಅದನ್ನು ಪತ್ತೆ ಮಾಡಿದ್ದು ಕೈಯಿಂದ. ಅರ್ಧ ಗಂಟೆ ಓಡಿಸಿ ಬಂದು ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದಾಗ ಹಿಂದಿನ ಒಂದು ಚಕ್ರ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾಗಿತ್ತು. ಪಿನ್ನು ಬಿಚ್ಚಿ ಉಜ್ಜಿ, ಬ್ರೇಕಿಗೆ ತಕ್ಕ ಗ್ರೀಸ್ ಹಚ್ಚಿ ಕೂರಿಸಿದ ಮೇಲೆ ಕಾರು ತಳ್ಳಿದರೆ ತಾನಾಗಿ ಉರುಳತೊಡಗಿತು.

ಒಂದು ಕೆಲಸ ಮಾತ್ರ ಕೆಟ್ಟಿತು, ಅದನ್ನೂ ಹೇಳಬೇಕು. ನಾಲ್ಕೂ ಚಕ್ರಗಳ ಕೋನ ಸರಿಪಡಿಸಲು ಕಾರನ್ನು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. ಈ ಕಾರಿನ ನಾಲ್ಕೂ ಮೂಲೆಗಳಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಜೋಡಣೆ) ಇದೆ, ಕೋನವನ್ನು ಹೊಂದಿಸಲು ಓರೆಬಿಲ್ಲೆಯ ಬೋಲ್ಟುಗಳಿವೆ, ಅವು ವರ್ಷಾನುಗಟ್ಟಲೆ ಅಲುಗದಿದ್ದರೆ ಕೀಲಿನ ರಬ್ಬರ್ ಬುಶ್ಶಿನೊಳಗಿನ ಕೊಳವೆಗೆ ತುಕ್ಕಿನಿಂದ ಬೆಸೆದುಕೊಳ್ಳುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ ಎಂದು ಕೇಳಿಕೊಂಡಿದ್ದೆ. ಅವರು ಹಾಗೆ ಮಾಡದೆ ಗಾಳಿಯ ಒತ್ತಡದಿಂದ ನಡೆಯುವ ಸ್ಪ್ಯಾನರಿನಿಂದ ತಿರುಗಿಸಿ ಎರಡು ಬೋಲ್ಟು ತುಂಡು ಮಾಡಿದರು. ಅದಕ್ಕಿಂತ ನನಗೆ ನೋವಾದದ್ದು, ಜ್ಯಾಕನ್ನು ಅದರ ಜಾಗ ಬಿಟ್ಟು ಬೇರೆಡೆ ಇಟ್ಟು ಬಾಗಿಲಿನ ಕೆಳಗಿನ ಅಂಚನ್ನು ಬಗ್ಗಿಸಿದ್ದು. ತುಕ್ಕಿಲ್ಲದ ಪಟ್ಟಿಗಾಗಿ ಐದು ಕಾರು ನೋಡಿ ಆರಿಸಿದ್ದೆ, ಅದೇ ಪಟ್ಟಿಯ ಬಣ್ಣ ಅಲ್ಲಿ ಬಿರಿದು ಬರಿ ತಗಡು ಹೊರಗೆ ಬಂದಿತ್ತು. ಅಂದೇ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಬಣ್ಣ ಬಳಿದೆ. ಅಂದಿನಿಂದ ಯಾರ ಕೈಗೆ ಕಾರು ಕೊಟ್ಟರೂ ಜ್ಯಾಕ್ ಇಡುವ ಜಾಗಗಳನ್ನು ನಾನೇ ತೋರಿಸುತ್ತೇನೆ, ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲನ್ನೂ ಜೋಡಿಸುವ ಅಲ್ಯೂಮಿನಿಯಂ ಚೌಕಟ್ಟಿನ ಕೆಳಗೆ ಎಂದಿಗೂ ಜ್ಯಾಕ್ ಕೊಡಬೇಡಿ ಎಂದೂ ಹೇಳುತ್ತೇನೆ.

ಟಾಪಿನ ಆರೈಕೆಗೆ ಬರೋಣ. ಇದು ವಿದ್ಯುತ್ ಮೋಟಾರಿಲ್ಲದ ಟಾಪ್. ಮುಂದಿನ ಗಾಜಿನ ಮೇಲಂಚಿನ ಎರಡು ಚಿಲಕ ಬಿಚ್ಚಿ ಹಿಂದಕ್ಕೆ ತಳ್ಳಿದರೆ ಮಡಚಿಕೊಂಡು ಕೂರುತ್ತದೆ, ಅಭ್ಯಾಸವಾದವರು ಸೀಟಿನಿಂದ ಏಳದೆ ಒಂದೇ ಕೈಯಲ್ಲಿ ಮಾಡಬಲ್ಲರು. ಕೆಡಲು ಮೋಟಾರೂ ಪಂಪೂ ಇಲ್ಲದಿರುವುದು ಹಳೆಯ ಕಾರಿನಲ್ಲಿ ದೊಡ್ಡ ನೆಮ್ಮದಿ. ಒದ್ದೆಯಾಗಿರುವಾಗ ಮಡಿಸಿಡಬಾರದು, ಎರಡು ದಿನದಲ್ಲಿ ಬೂಷ್ಟು ವಾಸನೆ ಬರುತ್ತದೆ, ಆಮೇಲೆ ಕಲೆ ಉಳಿಯುತ್ತದೆ. ಮಡಿಸುವಾಗ ಪಕ್ಕದ ಮೂಲೆಗಳಲ್ಲಿ ಬಟ್ಟೆ ಕಬ್ಬಿಣದ ಕೀಲಿನ ನಡುವೆ ಸಿಕ್ಕಿಕೊಳ್ಳದಂತೆ ಬೆರಳಿನಿಂದ ಹೊರಗೆಳೆದು ಬಿಡಬೇಕು, ಹೆಚ್ಚಿನ ಟಾಪುಗಳು ಮೊದಲು ಹರಿಯುವುದು ಅಲ್ಲೇ. ತೊಳೆಯಲು ಮೃದುವಾದ ಬ್ರಷ್ ಮತ್ತು ಸೌಮ್ಯ ಸೋಪು ಸಾಕು. ತಿರುಗುವ ಬ್ರಷ್‌ಗಳಿರುವ ಕಾರ್ ವಾಷ್ ಬೇಡ, ಒತ್ತಡದ ನೀರನ್ನು ಹೊಲಿಗೆಗೆ ಹತ್ತಿರದಿಂದ ಬಿಡುವುದೂ ಬೇಡ. ಬಾಗಿಲ ಕಿಟಕಿಯ ಸುತ್ತಲಿನ ರಬ್ಬರುಗಳಿಗೆ ವರ್ಷಕ್ಕೆ ಎರಡು ಸಲ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚುತ್ತೇನೆ, ಗಾಳಿಯ ಶಿಳ್ಳೆಯೂ ನೀರಿನ ಜಿನುಗೂ ಅದರಿಂದ ಕಡಿಮೆಯಾದವು. ಹಿಂದಿನ ಗಾಜು ಬಟ್ಟೆಗೆ ಅಂಟಿರುವ ಅಂಚನ್ನೂ ಆಗಾಗ ನೋಡುತ್ತಿರಬೇಕು, ವಯಸ್ಸಾದಂತೆ ಅಂಟು ಬಿಡುತ್ತದೆ. ಮೊದಲ ತಲೆಮಾರಿನ ಪ್ಲಾಸ್ಟಿಕ್ ಕಿಟಕಿಯ ಕಾರಾದರೆ ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆ ಮಲಗಿಸಿದ ಮೇಲೆಯೇ ಟಾಪ್ ಇಳಿಸಬೇಕು, ಚಳಿಯಲ್ಲಿ ಇಳಿಸಲೇಬಾರದು, ಬಿರಿಯುತ್ತದೆ. ತೆಗೆದಿಡಬಹುದಾದ ಗಟ್ಟಿ ಟಾಪ್ ಸಿಕ್ಕರೆ ಬಿಡಬೇಡಿ. ಮೊದಲ ಮತ್ತು ಎರಡನೆಯ ತಲೆಮಾರಿನ ಕಾರುಗಳಿಗೆ ಒಂದರದು ಇನ್ನೊಂದಕ್ಕೆ ಕೂರುತ್ತದೆ.

ಬ್ಯಾಟರಿ ಇರುವುದು ಬಾನೆಟ್ಟಿನಡಿ ಅಲ್ಲ, ಡಿಕ್ಕಿಯ ಮೂಲೆಯಲ್ಲಿ. ಅದರಿಂದ ಹೊರಡುವ ಅನಿಲ ಹೊರಹೋಗಲು ಸಣ್ಣ ಕೊಳವೆಯ ಜೋಡಣೆಯಿದೆ, ಹೊಸ ಬ್ಯಾಟರಿ ಕೊಳ್ಳುವಾಗ ಆ ಕೊಳವೆ ಕೂರುವ ಮಾದರಿಯನ್ನೇ ಕೇಳಿ ಪಡೆಯಬೇಕು. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ತಾನಾಗಿ ನಿಲ್ಲುವ ಸಣ್ಣ ಚಾರ್ಜರನ್ನು ಜೋಡಿಸಿಡುತ್ತೇನೆ; ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು. ಟ್ಯಾಂಕು ತುಂಬಿಸಿ, ಟೈರಿಗೆ ಸ್ವಲ್ಪ ಹೆಚ್ಚು ಗಾಳಿ ಹಾಕಿ, ಕೈಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡೆ ಇಡುತ್ತೇನೆ. ಆಗಾಗ ಸ್ಟಾರ್ಟ್ ಮಾಡಿ ಐದು ನಿಮಿಷ ನಿಂತಲ್ಲೇ ಓಡಿಸುವ ಅಭ್ಯಾಸ ಹಲವರಿಗಿದೆ, ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ, ದಹನದಿಂದ ಹುಟ್ಟಿದ ತೇವ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದುಬಿಡುತ್ತದೆ. ಹೊರಗೆ ತೆಗೆದರೆ ಅರ್ಧ ಗಂಟೆಯಾದರೂ ಓಡಿಸಿ ತನ್ನಿ, ಇಲ್ಲವಾದರೆ ಮುಟ್ಟದೆ ಬಿಡಿ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಎಂದರೆ, ಓಡಿಸುವಾಗ ಸಿಗುವ ಸಂತೋಷ. ಕಾರಿನ ತೂಕ ಒಂದು ಟನ್ನಿಗಿಂತ ಸ್ವಲ್ಪವೇ ಹೆಚ್ಚು, ಶಕ್ತಿ ಸುಮಾರು 140 ಅಶ್ವಶಕ್ತಿ. ವೇಗದ ಲೆಕ್ಕದಲ್ಲಿ ಇಂದಿನ ಸಾಧಾರಣ ಕಾರುಗಳೂ ಇದನ್ನು ಹಿಂದೆ ಹಾಕುತ್ತವೆ. ಆದರೆ ಗೇರ್ ಕೋಲು ಮಣಿಕಟ್ಟಿನ ಒಂದು ತಿರುವಿಗೆ ಟಕ್ಕೆಂದು ಕೂರುವ ಬಗೆ, ಸ್ಟೀರಿಂಗಿನಲ್ಲಿ ರಸ್ತೆಯ ಸಣ್ಣ ಉಬ್ಬುತಗ್ಗೂ ಬೆರಳಿಗೆ ತಿಳಿಯುವ ಬಗೆ, ಮುಂದೆ ಹಿಂದೆ ತೂಕ ಸರಿಸುಮಾರು ಸಮನಾಗಿ ಹಂಚಿಕೊಂಡು ತಿರುವಿನಲ್ಲಿ ಸೊಂಟದ ಕೆಳಗೇ ತಿರುಗಿದಂತೆ ಕಾರು ತಿರುಗುವ ಬಗೆ, ಇವುಗಳನ್ನು ಅರವತ್ತರ ವೇಗದಲ್ಲಿಯೇ ಪೂರ್ತಿಯಾಗಿ ಅನುಭವಿಸಬಹುದು. ಕೊರತೆಗಳೂ ಇವೆ. ಆರಡಿ ಮೀರಿದವರ ತಲೆ ಟಾಪಿಗೆ ತಾಗುತ್ತದೆ, ಡಿಕ್ಕಿಯಲ್ಲಿ ಎರಡು ಮೆತ್ತನೆಯ ಚೀಲಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಹೆದ್ದಾರಿಯಲ್ಲಿ ಟಾಪ್ ಹಾಕಿದ್ದಾಗಲೂ ಗಾಳಿಯ ಸದ್ದಿಗೆ ದನಿ ಎತ್ತಿ ಮಾತನಾಡಬೇಕು. ದಿನವೂ ದೂರ ಹೋಗುವವರು, ಮನೆಯಲ್ಲಿ ಇದೊಂದೇ ಕಾರು ಇಟ್ಟುಕೊಳ್ಳುವವರು ಮೂರನೆಯ ತಲೆಮಾರನ್ನು ನೋಡುವುದು ಮೇಲು. ಅದರಲ್ಲಿ ಜಾಗ ಸ್ವಲ್ಪ ಹೆಚ್ಚು, 2006ರಿಂದ ಗುಂಡಿ ಒತ್ತಿದರೆ ಮಡಚಿಕೊಳ್ಳುವ ಗಟ್ಟಿ ಟಾಪಿನ ಮಾದರಿಯೂ ಇದೆ.

ಕಡಿಮೆ ಓಡಿದ ಎರಡನೆಯ ತಲೆಮಾರಿನ ಕಾರನ್ನೇ ಕೊಳ್ಳುವುದಾದರೆ, ಟೈರು, ಬೆಲ್ಟು, ರೇಡಿಯೇಟರ್, ಹೋಸು, ಬ್ಯಾಟರಿ, ಎಲ್ಲ ದ್ರವಗಳು, ಇಷ್ಟರ ಖರ್ಚನ್ನು ಮೊದಲೇ ಕಾರಿನ ಬೆಲೆಗೆ ಕೂಡಿಸಿಕೊಂಡು ಚೌಕಾಸಿಗೆ ಕೂತುಕೊಳ್ಳಿ. ನಾನು ಹಾಗೆ ಮಾಡಲಿಲ್ಲ, ಮೀಟರಿನ ಅಂಕಿಗೆ ಮರುಳಾಗಿ ಕೇಳಿದಷ್ಟೇ ಕೊಟ್ಟೆ. ಮೂರು ವರ್ಷದಲ್ಲಿ ಹತ್ತೊಂಬತ್ತು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಕಾರು ಬಂದಾಗಿನದಕ್ಕಿಂತ ಈಗ ಸರಾಗವಾಗಿದೆ: ಬ್ರೇಕು ಸಿಕ್ಕಿಕೊಳ್ಳುವುದಿಲ್ಲ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ತಡವರಿಸುವುದಿಲ್ಲ. ಕಳೆದ ತಿಂಗಳು ಲಿಫ್ಟಿಗೆ ಏರಿಸಿದಾಗ ತೊಲೆಗಳ ಮೇಲಿನ ಲೇಪ ಹಾಗೆಯೇ ಇತ್ತು. ಜ್ಯಾಕ್ ಬಗ್ಗಿಸಿದ ಅಂಚಿನಲ್ಲಿ ನಾನು ಬಳಿದ ಬಣ್ಣದಡಿ ಒಂದು ಸಣ್ಣ ಗುಳ್ಳೆ ಎದ್ದಿದೆ, ಮಳೆ ಹಿಡಿಯುವ ಮೊದಲು ಅದನ್ನು ಮತ್ತೆ ಕೆರೆದು ತಗಡಿನಿಂದಲೇ ಆರಂಭಿಸಬೇಕಾಗಿದೆ.